ಲಿಲ್ಲಿ ಬಾಯಿಯ ಫಾರಿನ್ ಚೂರಿ

ನನ್ನ ತಂಗಿಯ ಮಗ ಒಂದು ಚೂರಿ ಕೊಂಡಿದ್ದಾನೆ. ಅವನಿಗೆ ಮಣಿಪಾಲದಲ್ಲಿ ಕೆಲಸ. ರಜೆಯ ದಿನ ಉಡುಪಿಯ ಬನ್ನಂಜೆಯ ನಮ್ಮ ಮನೆಗೆ ಬಂದು, ನೀರುದೋಸೆ ತಿಂದು, ನನ್ನ ಟಿವಿ ರಿಮೋಟು ಸರಿಮಾಡಿ ಹೋಗುವುದು ಅವನ ಅಭ್ಯಾಸ. ಈ ಬೆಳಿಗ್ಗೆ ದೋಸೆಯ ಪಕ್ಕದಲ್ಲಿ ಚೂರಿಯೂ ಮೇಜಿನ ಮೇಲೆ ಬಂತು. ಕಪ್ಪು ಪೆಟ್ಟಿಗೆ, ಅದರೊಳಗೆ ಮೆತ್ತನೆಯ ಬಟ್ಟೆ, ಬಟ್ಟೆಯ ನಡುವೆ ತೊಟ್ಟಿಲ ಕೂಸಿನ ಹಾಗೆ ಮಲಗಿದ ಮಡಚುವ ಚೂರಿ. ಬೆಲೆ ಎಷ್ಟೆಂದು ಕೇಳಿದೆ, ಹೇಳಿದ. ಕಿವಿ ಸರಿ ಉಂಟೋ ಇಲ್ಲವೋ ಎಂದು ಒಲೆಯ ಉರಿ ತಗ್ಗಿಸಿ ಇನ್ನೊಮ್ಮೆ ಕೇಳಿದೆ. ಅದೇ ಬೆಲೆ ಹೇಳಿದ.

ಅಷ್ಟರಲ್ಲಿ ಕೊರಿಯರಿನವನು ಒಂದು ಪಾರ್ಸೆಲ್ ತಂದುಕೊಟ್ಟ. ನಮ್ಮ ಹುಡುಗ ಎದ್ದವನೇ ಅಡುಗೆಮನೆಗೆ ಹೋಗಿ ನನ್ನ ತರಕಾರಿ ಹೆಚ್ಚುವ ಚೂರಿ ತಂದು ಅದರ ಟೇಪು ಕತ್ತರಿಸಿದ.

"ಮತ್ತೆ ಅದು ಎಂತಕ್ಕೆ ಮಾರಾಯ?" ಎಂದು ಪೆಟ್ಟಿಗೆಯತ್ತ ಕೈತೋರಿದೆ.

"ಅದರಲ್ಲಿ ಟೇಪು ಕತ್ತರಿಸುವುದಾ? ಅಂಟು ಹಿಡೀತದೆ ದೊಡ್ಡಮ್ಮ. ಇಂಥ ಚೂರಿಯನ್ನು ಒರಟು ಕೆಲಸಕ್ಕೆ ಹಾಕಬೇಕಾ ಬೇಡ್ವಾ ಅಂತ ಜನ ಎಷ್ಟೆಲ್ಲ ಚರ್ಚೆ ಮಾಡ್ತಾರೆ, ನಿಮಗೆ ಗೊತ್ತುಂಟಾ?"

ಗೊತ್ತಿಲ್ಲದೆ ಉಂಟೇ! ಆ ಚರ್ಚೆಯನ್ನು ನಾನು ಒಂದೇ ಜಗಲಿಯಲ್ಲಿ ಕುಳಿತು ವರ್ಷಗಟ್ಟಲೆ ಕೇಳಿದವಳು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ನಿಮಗೆ ಪುರುಸೊತ್ತಿದ್ದರೆ.

ಎಪ್ಪತ್ತರ ದಶಕದ ಕೊನೆಯ ಮಾತು. ಕಾಪುವಿನಿಂದ ಸ್ವಲ್ಪ ಒಳಗಿನ ಒಂದು ಊರಿನ ಶಾಲೆಯಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು. ನಮ್ಮ ಮನೆ ಕಾರ್ಕಳದಲ್ಲಿ. ದಿನಾ ಹೋಗಿ ಬರುವುದಕ್ಕೆ ಬಸ್ಸು ಹೊಂದುವುದಿಲ್ಲ. ಅಪ್ಪ ನನ್ನೊಂದಿಗೆ ಬಂದು ಒಂದು ಕ್ರಿಶ್ಚಿಯನ್ ಮನೆಯ ಹೊರಗಿನ ಕೋಣೆಯನ್ನು ನೋಡಿ, ಬಾವಿಯನ್ನು ನೋಡಿ, ಕೊನೆಗೆ ಮನೆಯೊಡತಿ ಲಿಲ್ಲಿ ಬಾಯಿಯನ್ನು ನೋಡಿ, "ಇಲ್ಲಿ ಹೆದರಲಿಕ್ಕೆ ಇಲ್ಲ" ಎಂದು ತೀರ್ಮಾನ ಕೊಟ್ಟರು. ಅಪ್ಪನಿಗೆ ಮನುಷ್ಯರ ಪರಿಚಯ ಚೆನ್ನಾಗಿತ್ತು.

ಲಿಲ್ಲಿ ಬಾಯಿಗೆ ಆಗ ಮೂವತ್ತು ಚಿಲ್ಲರೆ ವಯಸ್ಸು. ಗಂಡ ಗ್ರೆಗರಿ ಪೊರ್ಬುಗಳು ಬಹ್ರೇನಿನ ಬಂದರಿನಲ್ಲಿ ಕ್ರೇನುಗಳ ಮೆಕ್ಯಾನಿಕ್. (ನಮ್ಮ ಕಡೆ ಕೊಂಕಣಿ ಕ್ರಿಶ್ಚಿಯನ್ನರನ್ನು ಪೊರ್ಬುಗಳು ಎಂದೇ ಕರೆಯುವುದು.) ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು. ಮಕ್ಕಳಿರಲಿಲ್ಲ. ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಎತ್ತುವವರಿಗೆ ಲಿಲ್ಲಿ ಬಾಯಿ ಎರಡನೆಯ ಸಲ ಕಾಫಿ ಕೊಡುತ್ತಲೂ ಇರಲಿಲ್ಲ. ಮನೆಯ ಸುತ್ತ ಮಲ್ಲಿಗೆ ಗಿಡಗಳು. ಬೆಳಕು ಹರಿಯುವಾಗಲೇ ಮೊಗ್ಗು ಕೊಯ್ದು, ಜಗಲಿಯಲ್ಲಿ ಕುಳಿತು, ಬಾಳೆಯ ನಾರಿನಲ್ಲಿ ಕಟ್ಟಿ, ಬಿಸಿಲೇರುವ ಮೊದಲು ಮುಗಿಸಬೇಕು. ಹೂವು ಒಯ್ಯುವ ಏಜೆಂಟನ ಸೈಕಲ್ಲು ಯಾರಿಗೂ ಕಾಯುವುದಿಲ್ಲ. ಶಾಲೆಗೆ ಹೊರಡುವ ಮುಂಚೆ ನಾನೂ ಕುಳಿತು ಕಟ್ಟಲು ಹೋಗುತ್ತಿದ್ದೆ. ನಾನು ಕಟ್ಟಿದ್ದು ಉಡುಪಿ ಮುಟ್ಟುವ ಮೊದಲೇ ಬಿಚ್ಚಿಹೋಗುವುದೆಂದು ಗೊತ್ತಾದ ಮೇಲೆ ನನಗೆ ಮೊಗ್ಗು ಆರಿಸುವ ಕೆಲಸಕ್ಕೆ ಹಿಂಬಡ್ತಿಯಾಯಿತು.

ಒಂದು ಸಲ ಪೊರ್ಬುಗಳು ಹೊರಡುವಾಗ, "ಬರುವಾಗ ನಿನಗೆ ಎಂತ ತರಬೇಕು?" ಎಂದು ಕೇಳಿದರಂತೆ. ಊರಿನ ಹೆಂಗಸರೆಲ್ಲ ಸೀರೆ ಹೇಳುತ್ತಿದ್ದರು, ವಾಚು ಹೇಳುತ್ತಿದ್ದರು. ಲಿಲ್ಲಿ ಬಾಯಿ, "ಒಂದು ಒಳ್ಳೆಯ ಚೂರಿ ತನ್ನಿ. ಮಡಚಿ ಸೊಂಟಕ್ಕೆ ಸಿಕ್ಕಿಸುವಂಥದ್ದು" ಎಂದರು. ನಾನು ಆ ಮನೆಗೆ ಬಂದ ವರ್ಷವೇ ಆ ಚೂರಿಯೂ ಬಂತು. ಜಿಂಕೆ ಕೊಂಬಿನ ಹಿಡಿ, ಮುಖ ಕಾಣುವಷ್ಟು ಹೊಳೆಯುವ ಅಲಗು, ತೆರೆದರೆ ಟಕ್ಕೆಂದು ಗಟ್ಟಿಯಾಗಿ ನಿಲ್ಲುವ ಸದ್ದು. ಆ ಸದ್ದು ಕೇಳುವುದಕ್ಕೆಂದೇ ನೆರೆಯವರು ಬಂದರು. ಎಷ್ಟೋ ದಿನಗಳ ಓವರ್‌ಟೈಮಿನಲ್ಲಿ ಕೊಂಡದ್ದು.

ಆದರೆ ತಂದವರಿಗೇ ಅದನ್ನು ಬಳಸಲು ಕೊಡುವ ಮನಸ್ಸಾಗಲಿಲ್ಲ. "ನಾರು ಸೀಳಲಿಕ್ಕೆ ಬೇರೆ ತೆಗೆದುಕೊಡ್ತೇನೆ. ಇದು ಇಲ್ಲಿ ಇರಲಿ" ಎಂದು ಶೋಕೇಸಿನಲ್ಲಿಟ್ಟರು. ಆ ಶೋಕೇಸನ್ನು ನೀವು ನೋಡಬೇಕಿತ್ತು. ಯಾರೂ ಉಣ್ಣದ ಪಿಂಗಾಣಿ ತಟ್ಟೆಗಳು, ಬ್ಯಾಟರಿ ಹಾಕದ ಗಡಿಯಾರ, ಹುಲಿಯ ಚಿತ್ರವಿದ್ದ, ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬಾರದ ಕಂಬಳಿ. ರಜೆಯಲ್ಲಿ ಬಂದ ಪೊರ್ಬುಗಳು ದಿನಾ ಬೆಳಿಗ್ಗೆ ಅದರ ಗಾಜು ಒರೆಸುತ್ತಿದ್ದರು. ಇವರ ವಿಮಾನ ಹಾರಿದ ಮರುದಿನ ಲಿಲ್ಲಿ ಬಾಯಿ ಗಾಜು ಸರಿಸಿ ಚೂರಿಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಮೇಲೆ ಆ ಚೂರಿ ಮಾಡದ ಕೆಲಸವಿಲ್ಲ. ಒಣಗಿದ ಬಾಳೆಪಟ್ಟೆಯನ್ನು ನೀರಲ್ಲಿ ನೆನೆಸಿ ಎಳೆಎಳೆಯಾಗಿ ಸೀಳಿತು. ಮಲ್ಲಿಗೆಯ ಒಣಗೆಲ್ಲು ಸವರಿತು. ಬಂಗುಡೆ ಮೀನಿನ ರೆಕ್ಕೆ ತೆಗೆಯಿತು. ಹಾಲಿನ ಪುಡಿಯ ಡಬ್ಬದ ಮುಚ್ಚಳವನ್ನು ಎಬ್ಬಿಸಿತು. ಹಲಸಿನ ಹಣ್ಣನ್ನಂತೂ ಅಲಗಿಗೆ ತೆಂಗಿನೆಣ್ಣೆ ಸವರಿಕೊಂಡು ಹೋಳುಹೋಳಾಗಿ ಬಿಡಿಸಿತು. ಅದನ್ನು ನೋಡಿ ನನಗೇ ಎದೆ ಝಲ್ಲೆನ್ನುತ್ತಿತ್ತು. ಹಾಗೆಂದು ಅವರು ಅದನ್ನು ಹಾಳುಗೆಡವುತ್ತಿದ್ದರು ಎಂದುಕೊಳ್ಳಬೇಡಿ. ಪ್ರತಿ ಸಂಜೆ ತೊಳೆದು, ಸೆರಗಿನಲ್ಲಿ ಒರೆಸಿ, ಮಡಚುವ ಸಂದಿಗೆ ಎಣ್ಣೆ ಬಿಟ್ಟು, ಬಾವಿಯ ಹತ್ತಿರದ ಕಲ್ಲಿನಲ್ಲಿ ಮಸೆದೇ ಒಳಗೆ ಹೋಗುತ್ತಿದ್ದರು. ಮಸೆಯುವಾಗ ಕೊಂಕಣಿಯಲ್ಲಿ ಏನೋ ಗುನುಗುವರು. ದುಡಿಸುವುದಕ್ಕೂ ಹಾಳುಮಾಡುವುದಕ್ಕೂ ವ್ಯತ್ಯಾಸವಿದೆ ಎಂದು ನಾನು ಕಲಿತದ್ದು ಅಲ್ಲಿ. ಇವತ್ತಿಗೂ ಅಷ್ಟು ಚೆಂದವಾಗಿ ಒಂದು ವಸ್ತುವನ್ನು ಬಳಸಿದವರನ್ನು ನಾನು ಬೇರೆ ಕಂಡಿಲ್ಲ.

ನನ್ನ ಕಥೆಯೇ ಬೇರೆ. ನಾನು ಹುಟ್ಟಾ ಎತ್ತಿಟ್ಟುಕೊಳ್ಳುವವಳು. ಆ ವರ್ಷ ಯಾರೋ ನನಗೊಂದು ಫಾರಿನ್ ಕೊಡೆ ಕೊಟ್ಟಿದ್ದರು, ಮೂರು ಮಡಿಕೆಯದು, ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವಂಥದ್ದು. ಒಂದು ಸಂಜೆ ಜೋರು ಮಳೆಗೆ ನಾನು ಅದನ್ನು ಚೀಲದೊಳಗೆ ಭದ್ರವಾಗಿಟ್ಟು, ಚೀಲವನ್ನು ಎದೆಗವಚಿಕೊಂಡು, ತೊಪ್ಪೆಯಾಗಿ ಮನೆಗೆ ಬಂದೆ. ಲಿಲ್ಲಿ ಬಾಯಿ ಜಗಲಿಯಿಂದಲೇ ಕೂಗಿದರು.

"ಟೀಚರ್, ಕೊಡೆಗೆ ಶೀತ ಆಗ್ತದಾ?"

ಅವತ್ತಿನಿಂದ ನಾನು ಸೀನಿದಾಗಲೆಲ್ಲ ಕೊಡೆಯ ಆರೋಗ್ಯ ವಿಚಾರಿಸುವುದು ಅವರಿಗೆ ರೂಢಿಯಾಯಿತು. ಅಷ್ಟಾಗಿಯೂ ಆ ಕೊಡೆಯನ್ನು ನಾನು ಬಿಡಿಸಲಿಲ್ಲ. ಕಡಲ ದಡದ ಉಪ್ಪುಗಾಳಿ ಯಾರ ಜೋಪಾನವನ್ನೂ ಗೌರವಿಸುವುದಿಲ್ಲ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಕಡ್ಡಿಗಳು ಚೀಲದೊಳಗೇ ತುಕ್ಕು ಹಿಡಿದು ಕುಳಿತವು.

ಎರಡು ವರ್ಷ ಕಳೆದು ಪೊರ್ಬುಗಳು ಬಂದರು. ಕೈಕಾಲು ತೊಳೆದು ಶೋಕೇಸಿನ ಎದುರು ನಿಂತವರಿಗೆ ಚೂರಿ ಕಾಣಲಿಲ್ಲ. ಲಿಲ್ಲಿ ಬಾಯಿ ಸೊಂಟದಿಂದ ತೆಗೆದು ಮೇಜಿನ ಮೇಲಿಟ್ಟರು. ಚೂರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದ್ದಂತೆ ಅವರಲ್ಲೂ ಇತ್ತು. ಮೇಜಿನ ಮೇಲಿಟ್ಟರೂ ಜಗಳ ತಪ್ಪಲಿಲ್ಲ. ಹಿಡಿಯ ತುಂಬ ಬಾಳೆಯ ಕಲೆ ಕಪ್ಪಾಗಿ ಹಿಡಿದಿತ್ತು, ಅಲಗು ಮಸೆದು ಮಸೆದು ಸಪುರವಾಗಿತ್ತು.

ಅವರಿಬ್ಬರ ಮನೆಮಾತು ಕೊಂಕಣಿ. ಆದರೆ ನಾನು ಎದುರಿಗಿದ್ದರೆ ಕನ್ನಡದಲ್ಲೇ ಮಾತಾಡಬೇಕೆಂಬುದು ಅವರ ಮರ್ಯಾದೆ. ಆ ಮರ್ಯಾದೆಯನ್ನು ಜಗಳದಲ್ಲೂ ಬಿಡಲಿಲ್ಲ. ನಾನು ಮೊಗ್ಗಿನ ಬುಟ್ಟಿಯ ಹಿಂದೆ ತಲೆ ತಗ್ಗಿಸಿ ಕುಳಿತಿದ್ದೆ. ಎದ್ದು ಹೋಗಬೇಕಾದರೆ ಅವರಿಬ್ಬರ ನಡುವೆಯೇ ದಾಟಬೇಕಿತ್ತು.

"ಇದು ಮೀನು ಕೊಯ್ಯಲಿಕ್ಕೆ ತಂದದ್ದಲ್ಲ ಲಿಲ್ಲಿ."

"ಚೂರಿ ಕೊಯ್ಯಲಿಕ್ಕೆ ಅಲ್ಲದಿದ್ದರೆ ಮತ್ತೆ ಎಂತಕ್ಕೆ?"

ಪೊರ್ಬುಗಳು ಚೂರಿಯನ್ನು ಮಡಚಿ ಮತ್ತೆ ಮೇಜಿನ ಮೇಲಿಟ್ಟರು. ದೊಡ್ಡ ದೇಹದ, ಮೆಲುದನಿಯ ಮನುಷ್ಯ. "ಅಲ್ಲಿ ಒಂದು ಕೋಣೆಯಲ್ಲಿ ನಾವು ಎಷ್ಟೋ ಜನ ಮಲಗುವುದು. ನನ್ನದು ಅಂತ ಇರುವುದು ಒಂದು ಮಂಚ, ಒಂದು ಪೆಟ್ಟಿಗೆ. ಕಣ್ಣು ಮುಚ್ಚಿದರೆ ನನಗೆ ಈ ಶೋಕೇಸ್ ಕಾಣ್ತದೆ. ಎಲ್ಲ ಹೊಸತೇ ಇರಬೇಕು. ನಾನು ಬಂದ ಮೇಲೆ ನಾವಿಬ್ಬರೂ ಸೇರಿ ಶುರು ಮಾಡುವ ಅಂತ ನನಗೆ ಆಸೆ" ಎಂದರು.

ಅಲ್ಲಿಯವರೆಗೆ ನಾನು ಅವರನ್ನು ಸಾಮಾನಿನ ಮೋಹದವರು ಎಂದುಕೊಂಡಿದ್ದೆ. ಲಿಲ್ಲಿ ಬಾಯಿಯ ದನಿಯೂ ಇಳಿಯಿತು.

"ಬಂದ ಮೇಲೆ ಅಂದರೆ ಯಾವಾಗ?"

"ಇನ್ನೆರಡು ವರ್ಷ."

"ಹೋದ ಸಲವೂ ಹಾಗೆಯೇ ಹೇಳಿದ್ದಿರಿ. ಅದರ ಮೊದಲಿನ ಸಲವೂ. ಸಾಮಾನು ಹೊಸತಾಗಿ ಇರ್ಬಹುದು. ನಾನು ಇರ್ತೇನಾ?"

ಲಿಲ್ಲಿ ಬಾಯಿ ಚೂರಿ ತೆಗೆದುಕೊಂಡು ನಾರು ಸೀಳಲು ಕುಳಿತರು. ರಜೆ ಮುಗಿದು ಪೊರ್ಬುಗಳು ಮತ್ತೆ ಹೋದರು. ಚೂರಿಯೂ ತನ್ನ ಕೆಲಸಕ್ಕೆ ಮರಳಿತು.

ಅದಾಗಿ ಮುಂದಿನ ರಜೆ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಮೇ ತಿಂಗಳಲ್ಲಿ. ಈ ಸಲ ಪೊರ್ಬುಗಳು ಚೂರಿಯ ಸುದ್ದಿ ಎತ್ತಲಿಲ್ಲ. ಕಿವಿಯ ಮೇಲೆ ನರೆ ಬಂದಿತ್ತು. ಶೋಕೇಸಿನ ಗಾಜು ಒರೆಸುವುದನ್ನು ಬಿಟ್ಟು ಬೆಳಿಗ್ಗೆ ಜಗಲಿಗೇ ಬಂದು ಕೂರತೊಡಗಿದರು. ಒಂದು ದಿನ ಸಂಕೋಚದಿಂದ ಕೈಚಾಚಿ, ಹೆಂಡತಿ ಕೆಳಗಿಟ್ಟ ಚೂರಿ ಎತ್ತಿಕೊಂಡು ಬಾಳೆಪಟ್ಟೆ ಸೀಳಿದರು. ಹರಿತ ನೋಡಿ ಹುಬ್ಬೇರಿಸಿದರು. ಲಿಲ್ಲಿ ಬಾಯಿ ನೋಡಿಯೂ ನೋಡದ ಹಾಗೆ ಹೂ ಕಟ್ಟುತ್ತಿದ್ದರು. ಪೊರ್ಬುಗಳು ಮತ್ತೆ ಹೊರಡುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಟಿಕೇಟು ಬೈಬಲ್ಲಿನ ಪಕ್ಕದಲ್ಲೇ ಇತ್ತು. ಆ ಕಡೆ ಯಾರೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಾವಿಯ ರಾಟೆ ಕಿರುಗುಟ್ಟುವುದು ಅವರಿಗೆ ತಡೆಯಲಾಗಲಿಲ್ಲ. ಮೆಕ್ಯಾನಿಕ್ ಅಲ್ಲವೇ? ಎದ್ದು ಹೋದರು. ಬಂದರಿನಲ್ಲಿ ಸರಿಯಾದ ಸ್ಪಾನರ್ ಇಲ್ಲದೆ ಕ್ರೇನಿನ ಒಂದು ನಟ್ಟನ್ನೂ ಮುಟ್ಟದ ಮನುಷ್ಯ, ಕೈಯಲ್ಲೇ ಇದ್ದ ಚೂರಿಯ ತುದಿಯನ್ನು ರಾಟೆಯ ತುಕ್ಕು ಹಿಡಿದ ಪಿನ್ನಿನಡಿಗೆ ತೂರಿಸಿ ಮೀಟಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಟಣ್ ಎಂದಿತು. ಅರ್ಧ ಅಲಗು ಬಾವಿಯೊಳಗೆ ಬಿದ್ದ ಸದ್ದು ಜಗಲಿಗೂ ಕೇಳಿತು.

ಪೊರ್ಬುಗಳು ಹಿಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದು ನಿಂತರು. ಮುಖ ನೋಡಲಾಗುತ್ತಿರಲಿಲ್ಲ.

"ಮುರಿದುಹೋಯಿತು ಲಿಲ್ಲಿ."

ಲಿಲ್ಲಿ ಬಾಯಿಗೆ ನಗು ಬಂತು. ಅಂಥಿಂಥ ನಗುವಲ್ಲ. ಮಡಿಲಿನ ಮೊಗ್ಗೆಲ್ಲ ಜಗಲಿಯ ತುಂಬ ಚೆಲ್ಲಿತು. "ಹಲಸು ಕೊಯ್ದೆ, ಮೀನು ಕೊಯ್ದೆ, ನನ್ನ ಕೈಯಲ್ಲಿ ಎಂತದೂ ಆಗಲಿಲ್ಲ. ನೀವು ಒಂದು ಸಲ ಮುಟ್ಟಿದ್ದು! ಹೋಗಲಿ ಬಿಡಿ. ನಿಮ್ಮ ಕೈಗೆ ತಾಗಲಿಲ್ಲ ಅಲ್ವಾ?"

ಪೊರ್ಬುಗಳಿಗೆ ಆ ನಗುವಿನಿಂದ ಧೈರ್ಯ ಬಂದಿರಬೇಕು. "ಬೇಜಾರು ಮಾಡಬೇಡ. ಈ ಸಲ ಹೋದವನು ಅದೇ ಅಂಗಡಿಯಿಂದ ಇನ್ನೊಂದು ತರ್ತೇನೆ" ಎಂದರು.

ನಗು ನಿಂತಿತು. "ಹಾಗಾದರೆ ನನಗೆ ಬೇಡ."

"ಅದಕ್ಕಿಂತ ಒಳ್ಳೆಯದು ತರ್ತೇನೆ."

"ಕಾಪು ಪೇಟೆಯ ಚೂರಿಯಲ್ಲೂ ನಾರು ಸೀಳ್ತದೆ. ಅದನ್ನು ತರಲಿಕ್ಕೆ ವಿಮಾನ ಬೇಡ. ನಡೆದು ಹೋಗಿ, ಊಟಕ್ಕೆ ಬನ್ನಿ."

ಪೊರ್ಬುಗಳು ಹೆಂಡತಿಯ ಮುಖವನ್ನೇ ನೋಡುತ್ತ ನಿಂತರು. ನಾನು ಚೆಲ್ಲಿದ ಮೊಗ್ಗು ಹೆಕ್ಕುತ್ತಿದ್ದೆ. ಆಮೇಲೆ ಅವರು ಒಳಗೆ ಹೋಗಿ, ಅಂಗಿ ಹಾಕಿಕೊಂಡು ಗೇಟು ದಾಟಿದರು. ಲಿಲ್ಲಿ ಬಾಯಿ ಆ ದಿನ ಹೂವಿನ ಏಜೆಂಟನಿಗೂ ಬೆನ್ನು ಹಾಕಿ ದಾರಿಯನ್ನೇ ನೋಡುತ್ತಿದ್ದರು. ಊಟದ ಹೊತ್ತಿಗೆ ಪೊರ್ಬುಗಳು ಬೆವರಿಕೊಂಡು ಬಂದರು. ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಮರದ ಹಿಡಿಯ ಒಂದು ಚೂರಿ ಇತ್ತು. ಅದನ್ನು ಕಲ್ಲಿನಲ್ಲಿ ಮಸೆದು, ಸೀದಾ ಬಾಳೆಪಟ್ಟೆಯ ಎದುರು ಕುಳಿತರು.

ಇಷ್ಟು ಹೇಳುವಷ್ಟರಲ್ಲಿ ನಮ್ಮ ಹುಡುಗನ ತಟ್ಟೆಯ ದೋಸೆ ತಣ್ಣಗಾಗಿತ್ತು.

"ಮತ್ತೆ?" ಎಂದ.

"ಮತ್ತೆ ಎಂತ? ಆ ಜೂನಿನಲ್ಲಿ ನನಗೆ ಕಾರ್ಕಳಕ್ಕೆ ವರ್ಗ ಆಯ್ತು."

"ಅದಲ್ಲ ದೊಡ್ಡಮ್ಮ. ಪೊರ್ಬುಗಳು ವಾಪಸ್ ಹೋದ್ರಾ?"

ನೋಡಿ, ಚೂರಿಯ ಪ್ರಶ್ನೆ ಅವನಿಗೆ ಮರೆತೇಹೋಗಿತ್ತು.

"ಇಲ್ಲ, ಹೋಗಲಿಲ್ಲ" ಎಂದೆ. ಆ ವರ್ಷದ ಕ್ರಿಸ್ಮಸ್ಸಿಗೆ ನಾನು ಹೋದಾಗ ಪೊರ್ಬುಗಳು ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದರು. ನನಗಿಂತ ಕೆಟ್ಟದಾಗಿ ಕಟ್ಟುವವರನ್ನು ಅದೇ ಮೊದಲು ಕಂಡು ಸಂತೋಷಪಟ್ಟೆ. ಲಿಲ್ಲಿ ಬಾಯಿ ಪಕ್ಕದಲ್ಲೇ ಕುಳಿತು ಅವರು ಕಟ್ಟಿದ್ದನ್ನೆಲ್ಲ ಬಿಚ್ಚಿ ಬಿಚ್ಚಿ ಕಟ್ಟುತ್ತ, "ಕಟ್ಟಲಿಕ್ಕೆ ಬರುವುದಿಲ್ಲ ಟೀಚರ್. ಆದರೂ ಇಟ್ಟುಕೊಂಡಿದ್ದೇನೆ" ಎಂದರು.

"ಈಗಲೂ ಇದ್ದಾರಾ ಅವರು?"

"ಇಬ್ಬರೂ ಇದ್ದಾರೆ. ಅದೇ ಮನೆ."

"ನೀವು ಹೋಗದೆ ಎಷ್ಟು ಸಮಯ ಆಯ್ತು?"

ಲೆಕ್ಕ ಹಾಕಲು ಹೋದೆ. ಕೊರೋನಕ್ಕಿಂತ ಮೊದಲು. ಬನ್ನಂಜೆಯಿಂದ ಅಲ್ಲಿಗೆ ಅರ್ಧ ಗಂಟೆಯ ದಾರಿ. ಒಮ್ಮೆ ಮಂಡಿನೋವು, ಒಮ್ಮೆ ಮದುವೆ, ಒಮ್ಮೆ ಮಳೆ. ಈಗಲೂ ನಾಲಗೆಯ ತುದಿಗೆ ಬಂದದ್ದು, "ಮಳೆಗಾಲ ಮುಗಿಯಲಿ, ಒಮ್ಮೆ ಹೋಗುವ" ಎಂಬ ಮಾತೇ. ಆಡುವ ಮೊದಲೇ ಅದು ನನ್ನ ಕಿವಿಗೆ ಗ್ರೆಗರಿ ಪೊರ್ಬುಗಳ ದನಿಯಲ್ಲಿ ಕೇಳಿಸಿತು. ನಾಚಿಕೆಯಾಯಿತು. ಎದ್ದು ಗ್ಯಾಸು ಆರಿಸಿದೆ.

"ಬೈಕು ಹೊರಗೆ ತೆಗಿ. ನಾನು ಸೀರೆ ಬದಲಿಸಿ ಬರ್ತೇನೆ."

"ಈಗಲಾ? ಹೊರಗೆ ಮಳೆ ಉಂಟು ದೊಡ್ಡಮ್ಮ!"

"ಇರಲಿ ಮಾರಾಯ. ಒದ್ದೆಯಾದರೆ ತಲೆ ಒರೆಸಲಿಕ್ಕೆ ಲಿಲ್ಲಿ ಬಾಯಿಯ ಮನೆಯಲ್ಲಿ ಬೈರಾಸು ಉಂಟು."