ಚೆಲ್ಲಿದ ತಣ್ಣೀರು

ಉತ್ತರದ ಚಳಿನಾಡೊಂದರ ಬಂದರಿನ ಕಟ್ಟೆಯ ತುದಿಗೆ ದಿನವೂ ಬೆಳಿಗ್ಗೆ ಏಳಕ್ಕೆ ನಡೆಯುತ್ತಿದ್ದ ಆಕೆಗೆ ಅಲ್ಲಿನವರು ಇಟ್ಟ ಹೆಸರು ಬಕೆಟ್ಟಕ್ಕ. ಹಗ್ಗ ಕಟ್ಟಿದ ಕ್ಯಾನ್ವಾಸ್ ಬಕೆಟ್ಟನ್ನು ಸಮುದ್ರಕ್ಕಿಳಿಸಿ, ಮೇಲೆಳೆದು, ಥರ್ಮಾಮೀಟರ್ ಅದ್ದಿ, ನೀರಿನ ಉಷ್ಣತೆಯನ್ನು ಹವಾಮಾನ ಕಚೇರಿಯ ಪುಸ್ತಕದಲ್ಲಿ ಬರೆದಿಡುವುದು ಕೆಲಸ. ಮೂವತ್ತೊಂದು ವರ್ಷದಲ್ಲಿ ತಪ್ಪಿಸಿದ್ದು ಹೆರಿಗೆಯ ವಾರ ಮಾತ್ರ. ಆ ಪುಟದಲ್ಲಿರುವ ಗಂಡನ ಕಾಗೆಕಾಲಿನ ಬರಹ ಕಂಡು ಇಂದಿಗೂ ಮೂಗು ಮುರಿಯುತ್ತಾಳೆ.

ಕೆಲಸ ಕಲಿಸಿದವರು ಮಾವ. "ನೋಡಮ್ಮ, ಎಂಥಾ ಚಳಿಗಾಲದಲ್ಲೂ ನೀರು ಹನ್ನೊಂದು ಡಿಗ್ರಿಗಿಂತ ಕೆಳಗಿಳಿಯಲ್ಲ. ಇಳೀತು ಅಂದ್ರೆ ಗಾಳಿಗೆ ಬಕೆಟ್ಟು ತಣ್ಣಗಾಗಿದೆ ಅಂತ ತಿಳ್ಕೋ. ಚೆಲ್ಲಿ ಇನ್ನೊಂದು ಸಲ ಎತ್ತು."

ಅವರು ತೀರಿಹೋದ ಎಷ್ಟೋ ವರ್ಷಗಳ ಮೇಲೆ, ಚಳಿಗಾಲದಲ್ಲಿ ಒಂಬತ್ತೂವರೆ, ಒಂಬತ್ತು ಬರತೊಡಗಿತು. ಆಕೆ ಚೆಲ್ಲಿ ಚೆಲ್ಲಿ ಎತ್ತಿದಳು.

"ಏನಕ್ಕ, ಸಮುದ್ರ ಖಾಲಿ ಮಾಡೋ ಗುತ್ತಿಗೆ ಹಿಡಿದ್ರಾ?" ಎಂದು ಕ್ರೇನ್ ಚಾಲಕ ಕೂಗುವನು.

"ತಳ ಕಂಡಾಗ ಕರೀತೀನಿ, ಪೊರಕೆ ತಗೊಂಡು ಬಾ."

ಆದರೂ ಹನ್ನೊಂದು ಬಾರದಿದ್ದರೆ ಗಾಳಿ ತಾಗದ ಒಳಬದಿಗೆ ಹೋಗಿ, ಹಡಗುಗಳ ನಡುವೆ ನಿಂತ ನೀರನ್ನು ಎತ್ತುತ್ತಿದ್ದಳು. ಅಲ್ಲಿ ಹನ್ನೊಂದು ಸಿಗುತ್ತಿತ್ತು. ಬರೆದು, ನೆಮ್ಮದಿಯಿಂದ ಮನೆಗೆ ಬರುತ್ತಿದ್ದಳು.

ಕಳೆದ ವರ್ಷ ಸಂಶೋಧಕಿಯೊಬ್ಬಳು ಬಂದು ಆ ಪುಸ್ತಕಗಳನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಬಿಸಿ ಕಡಲುಗಳಿಂದ ಬೆಚ್ಚನೆಯ ನೀರು ಮೇಲ್ಮೈಯಲ್ಲೇ ಈ ತೀರದವರೆಗೆ ಹರಿದು ಬರುತ್ತದೆ. ದೂರದ ಹಿಮದ ಕಡಲಿನಲ್ಲಿ ತಣಿದು, ಭಾರವಾಗಿ ಮುಳುಗಿ, ತಳದಲ್ಲೇ ಮರಳುತ್ತದೆ. ಎಷ್ಟೋ ದೇಶಗಳ ಚಳಿಯೂ ಮಳೆಯೂ ಈ ಸುತ್ತಾಟವನ್ನೇ ನಂಬಿವೆ ಎಂದು ವಿವರಿಸಿದಳು.

"ಅದೀಗ ನಿಧಾನ ಆಗ್ತಿರೋ ಹಾಗಿದೆ ಅಮ್ಮ. ಸುತ್ತಮುತ್ತ ಎಲ್ಲಾ ಕಡೆ ನೀರು ತಣ್ಣಗಾಗ್ತಿದೆ. ನಿಮ್ಮ ಕಟ್ಟೇಲಿ ಮಾತ್ರ ಜಪ್ಪಯ್ಯ ಅಂದ್ರೂ ಹನ್ನೊಂದು ಬಿಟ್ಟು ಇಳಿದಿಲ್ಲ. ಏನೂ ಬದಲಾಗಿಲ್ಲ ಅಂತ ಸರ್ಕಾರದ ವರದೀಲಿ ನಿಮ್ಮ ಲೆಕ್ಕಾನೇ ತೋರಿಸಿದ್ದಾರೆ."

ಸುಮ್ಮನಿದ್ದುಬಿಡಬಹುದಿತ್ತು. ಆಕೆ ಒಳಬದಿಯ ನೀರಿನ ಸಂಗತಿ ಹೇಳಿದಳು.

"ಅಲ್ಲಿ ಹಡಗುಗಳು ಬಿಡೋ ಬಿಸಿನೀರು ಸೇರಿರುತ್ತಲ್ಲ ಅಮ್ಮ. ತಣ್ಣಗಿದ್ದದ್ದನ್ನ ಎಲ್ಲೂ ಬರೆದಿಡಲಿಲ್ವಾ? ಒಂದು ಚೀಟೀಲಾದ್ರೂ?"

"ಚೆಲ್ಲಿಬಿಟ್ಟೆ ತಾಯಿ."

"ಯಾವ ವರ್ಷದಿಂದ?"

ಅದೂ ನೆನಪಿರಲಿಲ್ಲ. ಯಾವ ದಿನ ಒಳಗೆ, ಯಾವ ದಿನ ಹೊರಗೆ ಎಂಬ ಗುರುತೂ ಇರಲಿಲ್ಲ. ಸಂಶೋಧಕಿ ಬಹಳ ಹೊತ್ತು ಪುಟ ತಿರುವಿದಳು. ಬೈಯಲಿಲ್ಲ. "ಹಾಗಾದ್ರೆ ಮೂವತ್ತೊಂದು ವರ್ಷದ್ದೂ ಕೈಬಿಡಬೇಕಾಗುತ್ತೆ ಅಮ್ಮ," ಎಂದಳು.

ಆಕೆ ತಪ್ಪೊಪ್ಪಿಕೊಂಡು ಕಚೇರಿಗೆ ಮೂರು ಪತ್ರ ಬರೆದಳು. ಮೂರನೆಯದಕ್ಕೆ ಉತ್ತರ ಬಂತು: ವರದಿ ಈಗಾಗಲೇ ಅಂಗೀಕಾರವಾಗಿದೆ, ತಿದ್ದುಪಡಿಗೆ ಅವಕಾಶವಿಲ್ಲ, ತಮ್ಮ ನಿಷ್ಠೆಯ ಸೇವೆಗೆ ಕೃತಜ್ಞತೆಗಳು.

ಗಂಡ ಅದನ್ನು ಎರಡು ಸಲ ಓದಿದ. "ಬಿಡೇ, ನೀನೇನು ಬೇಕೂಂತ ಮಾಡಿದ್ಯಾ?"

"ಬೇಕೂಂತ ಮಾಡಿದ್ರೆ ಇಷ್ಟು ಅಚ್ಚುಕಟ್ಟಾಗಿ ಬರ್ತಿರಲಿಲ್ಲ ಕಣ್ರೀ," ಎಂದಳು.