ಆಟಿ ಕಳೆಯಲೆಂದು ಕಾದವರು

ಮುಂಬಯಿಯ ಸಯನ್ನಿನ ನಮ್ಮ ಚಾಳಿನಲ್ಲಿ ಗೋವಾದ ವಿಷಯ ಬಂದರೆ ಪಕ್ಕದ ಕೋಣೆಯ ಚೆನ್ನಯನ ಬಾಯಿ ಮುಚ್ಚಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಉಡುಪಿ ಕಡೆಯವನು, ಮಾಟುಂಗದ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಕೆಲಸ. ಪೋರ್ಚುಗೀಸರು ಜಾಗ ಬಿಡುವುದಿಲ್ಲ, ಬಿಡಿ ಎಂದವರನ್ನು ಜೈಲಿಗೆ ತಳ್ಳುತ್ತಾರೆ. ಸೈನ್ಯ ನುಗ್ಗಿಸಬೇಕೆಂದು ಉಳಿದವರು ಕೂತಲ್ಲೇ ಯುದ್ಧ ಮಾಡುತ್ತಿದ್ದರು. ಚೆನ್ನಯ ಒಪ್ಪುತ್ತಿರಲಿಲ್ಲ.

“ಬಂದೂಕು ಯಾಕೆ ಮಾರಾಯ್ರೆ? ರೈಲು ನಿಲ್ಲಿಸ್ಲಿ. ಅಕ್ಕಿ, ಬಟಾಟೆ ನಿಲ್ಲಿಸ್ಲಿ. ಹೊಟ್ಟೆ ಚುರುಗುಟ್ಟಿದ್ರೆ ಅವ್ರೇ ಗಂಟುಮೂಟೆ ಕಟ್ತಾರೆ.”

ನನಗೂ ಅದು ಸರಿಯೆನಿಸಿತ್ತು. ಆದರೆ ಅವನ ಒಬ್ಬಳೇ ಮಗಳು ಮೋಹಿನಿ ಇದ್ದದ್ದು ಗೋವಾದೊಳಗೆ. ಮುರ್ಗಾಂವ್ ಬಂದರಿನ ಬಳಿ ಚಹಾದಂಗಡಿ ಇಟ್ಟಿದ್ದ ಶೇಖರನಿಗೆ ಅವಳನ್ನು ಕೊಟ್ಟಿದ್ದರು. ಚೊಚ್ಚಲ ಬಸುರಿ.

೧೯೫೫ರ ಜುಲೈಯಲ್ಲಿ ಶೇಖರನೇ ಹೇಗೋ ಪರವಾನಗಿ ದೊರಕಿಸಿಕೊಂಡು ಮುಂಬಯಿಗೆ ಬಂದ.

“ಅತ್ತೆ, ಅವಳನ್ನು ಈಗಲೇ ಕರ್ಕೊಂಡು ಬನ್ನಿ. ಅಲ್ಲಿ ದಿನ ಸರಿ ಇಲ್ಲ.”

ಚೆನ್ನಯನ ಹೆಂಡತಿ ನೀಲಾವತಿ ಒಪ್ಪಲಿಲ್ಲ. ಬಯಕೆಯ ಊಟ ಹಾಕಿ ಮಡಿಲು ತುಂಬದೆ ಅವರಲ್ಲಿ ಬಸುರಿಯನ್ನು ತವರಿಗೆ ಕರೆತರುವುದಿಲ್ಲ. ಆಷಾಢದಂತೆ ಆಗಸ್ಟ್ ನಡುವಿನವರೆಗೆ ಇರುವ ಆಟಿ ತಿಂಗಳಲ್ಲಿ ಅಂಥ ಶುಭಕಾರ್ಯ ಮಾಡುವುದೂ ಇಲ್ಲ.

“ಆಟಿಯಲ್ಲಿ ಬಯಕೆ ಹಾಕುದುಂಟಾ ಮಗಾ? ಸೋಣ ತಿಂಗಳು ಬರ್ಲಿ. ಸಂಕ್ರಮಣ ಕಳೆದ ಕೂಡ್ಲೇ ನಾವು ಹೊರಡ್ತೇವೆ.”

ಅಳಿಯ ಒಬ್ಬನೇ ಗೋವಾಕ್ಕೆ ಮರಳಿದ. ನೀಲಾವತಿ ಮಗಳಿಗೆಂದು ಹಸಿರು ಸೀರೆ, ಬಳೆ ತಂದು ಟ್ರಂಕಿನಲ್ಲಿಟ್ಟಳು.

ಆಗಸ್ಟ್ ಹದಿನೈದರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಮರುದಿನ ಮುಂಬಯಿಯಲ್ಲಿ ಹರತಾಳ. ಚೆನ್ನಯ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿ ಬಂದ. ಸರಕಾರ ಅವನು ಹೇಳಿದ್ದನ್ನೇ ಮಾಡಿತು. ಯುದ್ಧ ಹೂಡಲಿಲ್ಲ, ರೈಲು ನಿಲ್ಲಿಸಿತು, ಗಡಿ ಮುಚ್ಚಿತು. ಅಷ್ಟರಲ್ಲಿ ಆಟಿ ಕಳೆದಿತ್ತು.

ಗಂಡಹೆಂಡಿರು ಟ್ರಂಕು ಹೊತ್ತು ಗೋವಾ ಗಡಿಯ ಸ್ಟೇಷನ್ ಕ್ಯಾಸಲ್‌ರಾಕ್‌ವರೆಗೆ ಹೋದರು. ಅಲ್ಲಿಂದ ಮುಂದೆ ರೈಲಿರಲಿಲ್ಲ.

“ಮಗಳ ಹೆರಿಗೆ ಅಣ್ಣಾ, ನಾನೊಬ್ಳೇ ನಡ್ಕೊಂಡು ಹೋಗ್ತೇನೆ” ಎಂದು ನೀಲಾವತಿ ಕಾವಲಿನ ಪೊಲೀಸನನ್ನು ಕೇಳಿಕೊಂಡಳು.

“ಯಾರನ್ನೂ ಬಿಡಂಗಿಲ್ಲರಿ ಯವ್ವಾ. ಮ್ಯಾಲಿನವರ ಆರ್ಡರ್ ಐತಿ.”

ಅವನಾದರೂ ಏನು ಮಾಡಿಯಾನು? ಇಬ್ಬರೂ ಹಿಂದಿರುಗಿ ಪರವಾನಗಿಗಾಗಿ ಕಚೇರಿಗಳನ್ನು ಅಲೆದರು. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮಿತ್ತು ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ. ಆ ಗಿಡ ನಮ್ಮ ಚಾಳಿನಲ್ಲೇ ಆಡಿ ಬೆಳೆದಿತ್ತು.

ದೀಪಾವಳಿಯ ಹೊತ್ತಿಗೆ ಚೆನ್ನಯನ ಊರಿನವನೇ ಆದ ದೂಜ ಬಂದ. ಮುರ್ಗಾಂವಿನಲ್ಲಿ ಬಟಾಟೆ ಇಳಿಸಿದ ಪರದೇಶದ ಹಡಗೊಂದರಲ್ಲಿ ಅವನು ಅಡುಗೆಯವ. ಬಂದರಿನಲ್ಲಿ ಶೇಖರ ಅವನ ಕೈಹಿಡಿದು ಅತ್ತನಂತೆ. ಮೋಹಿನಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಮಗುವೂ ಉಳಿದಿರಲಿಲ್ಲ. ಕೊನೆಯವರೆಗೂ ಅಮ್ಮ ಬಂದಳಾ ಎಂದು ಕೇಳುತ್ತಿದ್ದಳಂತೆ.

ನನಗೆ ಎರಡೂ ಸರಕಾರಗಳ ಮೇಲೆ ಸಿಟ್ಟು ಬಂತು, ಆ ಹಾಳು ಆಟಿಯ ಮೇಲೂ ಬಂತು. ನೀಲಾವತಿ ಟ್ರಂಕನ್ನು ಮಂಚದಡಿಗೆ ತಳ್ಳಿದವಳು ಮತ್ತೆ ತೆರೆಯಲಿಲ್ಲ.

ಚೆನ್ನಯ ಮತ್ತೆ ಕೆಲಸಕ್ಕೆ ಹೋಗತೊಡಗಿದ. ಒಂದು ಬೆಳಿಗ್ಗೆ ನಾನೂ ಹೋಟೆಲಿನಲ್ಲಿದ್ದೆ. ಹಳೆಯ ಗಿರಾಕಿಯೊಬ್ಬ, ಏನೂ ತಿಳಿಯದವನು, ನಗುತ್ತ ಕೇಳಿದ:

“ಏನಪ್ಪಾ ಚೆನ್ನಯ, ನೀನು ಹೇಳಿದ ಹಾಗೇ ಗಡಿ ಮುಚ್ಚಿದ್ರಲ್ಲ. ಪೋರ್ಚುಗೀಸರು ಉಪವಾಸ ಬಿದ್ರಾ?”

ಚೆನ್ನಯ ದೋಸೆ ಮಗುಚಿ ಹಾಕಿದ.

“ಇಲ್ಲ ಸ್ವಾಮಿ. ಅವ್ರಿಗೆ ಹಡಗಿನಲ್ಲಿ ಬಟಾಟೆ ಬರ್ತಾ ಉಂಟು. ನನ್ನ ಮಗಳಿಗೆ ಅವಳಮ್ಮ ಮಾತ್ರ ಬರ್ಲಿಲ್ಲ.”