ಗಂಡಿನ ಮನೆಯ ಮೀಟರ್

“ದಿನಾ ಬೆಳಿಗ್ಗೆ ಐದಕ್ಕೆದ್ದು ಹಾಲು ಕರಿಯೋ ಮಿಷನ್ ಹಾಕೋನು ನಾನೇ,” ಎಂದ ಹುಡುಗ. ಮದ್ದೂರಿನ ಹತ್ತಿರದ ಆ ಹಳ್ಳಿಗೆ ಅಪ್ಪನ ಜೊತೆ ಗಂಡಿನ ಮನೆ ನೋಡಲು ನಾನೂ ಹೋಗಿದ್ದೆ.

“ಬೇಕಾರೆ ನೋಡವ್ವ, ಹೊಸ ಮೀಟ್ರು ಸುಳ್ಳೇಳಲ್ಲ,” ಎಂದು ಹುಡುಗನ ಅಪ್ಪ ಫೋನ್ ಕೊಟ್ಟರು. ಸ್ಮಾರ್ಟ್ ಮೀಟರ್ ಗಂಟೆಗಂಟೆಯ ಕರೆಂಟನ್ನೂ ಅದರಲ್ಲಿ ಗ್ರಾಫ್ ಮಾಡಿ ತೋರಿಸುತ್ತಿತ್ತು. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಗ್ರಾಫ್ ಕಂಡರೆ ಓದದೆ ಬಿಡುವುದಿಲ್ಲ. ಮಿಷನ್ ಹಾಕಿದ ಗುರುತಿಗೆ ದಿನಾ ಐದಕ್ಕೇ ಗೆರೆ ಏರಿತ್ತು. ಹಿಂದಿನ ವಾರ ಮೂರು ದಿನ ಮಾತ್ರ ಒಂಬತ್ತಕ್ಕೆ ಏರಿತ್ತು. ಯಾಕೆಂದು ಕೇಳಿದೆ.

“ಆವಾಗ ನಾನು ಮಗಳ ಮನೇಗೋಗಿದ್ದೆ ಕಣವ್ವ,” ಎಂದರು ಹುಡುಗನ ತಾಯಿ, ಕಾಫಿ ಲೋಟ ಇಡುತ್ತಾ.

ಹುಡುಗ ನೆಲ ನೋಡಿದ. ಅವನಪ್ಪ ಫೋನ್ ಈಸಿಕೊಂಡು, “ಈ ಮೀಟ್ರೇ ಸರಿಯಿಲ್ಲ. ಎಲ್ಲಾ ಕಡೆನೂ ತಪ್ಪು ತೋರುಸ್ತದಂತೆ,” ಎಂದರು. ನನ್ನಪ್ಪನೂ ಮರ್ಯಾದೆಗೆ ತಲೆಯಾಡಿಸಿದರು.

ಹೊರಡುವಾಗ ಆ ತಾಯಿ ಬಾಗಿಲ ಬಳಿ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: “ಮೀಟ್ರು ಸರಿಯಾಗೇ ಅದೆ ಕಣವ್ವ. ಇಷ್ಟು ವರ್ಸದಲ್ಲಿ ನಾನು ದುಡ್ದ ಗೇಮೆ ಬರ್ಕೊಂಡಿರೋದು ಅದೊಂದೇಯ.”

ಸಂಬಂಧ ಬೇಡವೆಂದೆ. ಮೀಟರ್ ಬಿಚ್ಚಿಕೊಂಡು ಹೋಗಿ ಎಂದು ಹುಡುಗನ ಅಪ್ಪ ಕರೆಂಟ್ ಆಫೀಸಿಗೆ ದೂರು ಕೊಟ್ಟಿದ್ದಾರಂತೆ. ಮೊನ್ನೆ ವೈದ್ಯನಾಥಪುರದ ದೇವಸ್ಥಾನಕ್ಕೆ ಹೋದಾಗ, ಆ ಮೀಟರಿಗೆ ಏನೂ ಆಗದಿರಲಿ ಎಂದು ಕೈಮುಗಿದು ಬಂದೆ.